ನಿಷೇಧಾಜ್ಞೆಯ ಕೊನೆಗೊಂದು ಚಹಾ

ಶಿರಸಿಯಲ್ಲಿ ಯಾರಾದರೂ ಗಟ್ಟಿಯಾಗಿ ಮಾತನಾಡಿದರೆ ‘ಏನು, ಹಯಾತ್ ಸಾಹೇಬರ ಮೈಕು ನುಂಗಿದ್ಯಾ?’ ಎಂದು ಕೇಳುವ ರೂಢಿ ಮೊನ್ನೆ ಮೊನ್ನೆಯವರೆಗೂ ಇತ್ತು. ನನ್ನನ್ನು ಮಾತ್ರ ಯಾರೂ ಹಾಗೆ ಕೇಳಿದ್ದಿಲ್ಲ. ನನ್ನ ದನಿ ಜಗುಲಿಯಿಂದ ಅಡುಗೆಮನೆಯವರೆಗೂ ಬರುವುದಿಲ್ಲ ಎಂಬುದು ನನ್ನ ಹೆಂಡತಿಯ ಬಹುಕಾಲದ ದೂರು. ಬಂದರೂ ಪ್ರಯೋಜನವಿಲ್ಲ ಎಂಬುದು ನನ್ನ ಅನುಭವ.

ಹಯಾತ್ ಸಾಹೇಬರದು ಮೈಕ್ ಸೆಟ್ಟಿನ ವ್ಯಾಪಾರ. ಬಿಡ್ಕಿ ಬೈಲಿನ ಹಿಂದಿನ ಓಣಿಯಲ್ಲಿ ರಸ್ತೆಗೆ ಮುಖ ಮಾಡಿದ ಸಣ್ಣ ಅಂಗಡಿ, ಅದರ ಹಿಂದೆಯೇ ಮನೆ. ಗೋಡೆಯ ತುಂಬ ಕಹಳೆಯಂಥ ಸ್ಪೀಕರುಗಳು ತೂಗುತ್ತಿದ್ದವು. ಮದುವೆಗೆ, ಉಪನಯನಕ್ಕೆ, ಉರುಸಿಗೆ, ಗಣಪತಿ ಕೂರಿಸುವುದಕ್ಕೆ, ಸೊಸೈಟಿಯ ವಾರ್ಷಿಕ ಸಭೆಗೆ, ಎಲ್ಲದಕ್ಕೂ ಅಲ್ಲಿಂದಲೇ ಸೆಟ್ ಹೋಗಬೇಕು. ಆದರೆ ಸೆಟ್ಟನ್ನು ದುಡ್ಡಿದ್ದ ಯಾರು ಬೇಕಾದರೂ ಇಡಬಹುದು. ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದದ್ದು ಅನೌನ್ಸಿಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕಿನಲ್ಲಿ ಯಕ್ಷಗಾನದ ಟೆಂಟ್ ಆಟ ಬರಲಿ, ಸರ್ಕಸ್ ಬರಲಿ, ಕಣ್ಣಿನ ತಪಾಸಣೆ ಶಿಬಿರ ಬರಲಿ, ಅದು ಬಂದದ್ದು ಊರಿಗೆ ಗೊತ್ತಾಗುತ್ತಿದ್ದುದು ಸಾಹೇಬರ ಬಾಯಿಂದ.

ಬರೆದುಕೊಟ್ಟದ್ದನ್ನು ಅವರು ಓದುತ್ತಿರಲಿಲ್ಲ. ‘ತಾಯಂದಿರೇ, ಮಕ್ಕಳಿಗೆ ಬೇಗ ಉಣ್ಣಲಿಕ್ಕೆ ಹಾಕಿ, ಒಲೆ ಆರಿಸಿ, ಬಾಗಿಲು ಹಾಕಿಕೊಂಡು ಹೊರಟು ಬನ್ನಿ. ಅಜ್ಜಿಯನ್ನೂ ಕರೆದುಕೊಂಡು ಬನ್ನಿ, ಅಜ್ಜಿಗೆ ಕುರ್ಚಿ ಇದೆ’ ಎನ್ನುತ್ತಿದ್ದರು. ಕುರ್ಚಿ ಇರುತ್ತಿರಲಿಲ್ಲ. ನಮ್ಮ ಅಜ್ಜಿ ಒಮ್ಮೆ ಟೆಂಟಿನ ಬಾಗಿಲಲ್ಲಿ ನಿಂತು, ಹಯಾತ್ ಹೇಳಿದ್ದಾನೆ ಎಂದು ಜಗಳ ತೆಗೆದು ಮ್ಯಾನೇಜರನ ಕುರ್ಚಿಯನ್ನೇ ಸಂಪಾದಿಸಿದ್ದಳು. ಕಣ್ಣಿನ ಶಿಬಿರಕ್ಕೂ ಸಾಹೇಬರು ಅದೇ ಉತ್ಸಾಹದಲ್ಲಿ ಕರೆದು, ಕಣ್ಣು ಚೆನ್ನಾಗಿಯೇ ಇದ್ದವರೆಲ್ಲ ಹೋಗಿ ಸಾಲು ನಿಂತದ್ದುಂಟು. ನಾನೂ ನಿಂತಿದ್ದೆ. ಕನ್ನಡಕ ಬಂದದ್ದು ಆಮೇಲೆ.

ಆಗ ಅನೌನ್ಸಿಗೆ ಪರವಾನಗಿ ಎಂದರೆ, ಫೌಜುದಾರರು ಠಾಣೆಯ ಎದುರು ಕುರ್ಚಿ ಹಾಕಿಕೊಂಡು ಕೂತಿರುವಾಗ ಸಾಹೇಬರು ಆಟೋ ನಿಧಾನ ಮಾಡುವುದು, ಅವರು ‘ಆಸ್ಪತ್ರೆ ಹತ್ರ ಸಣ್ಣ ಮಾಡ್ರಿ’ ಎನ್ನುವುದು, ಅಷ್ಟೇ. ಈಗ ನಗರಸಭೆಗೆ ಒಂದು ಅರ್ಜಿ, ಠಾಣೆಗೆ ಒಂದು, ತಹಶೀಲ್ದಾರರಿಗೆ ಒಂದು, ಗಾಡಿಯ ಮೇಲೆ ಕಹಳೆ ಕಟ್ಟಿದ್ದಕ್ಕೆ ಬೇರೆ ಒಂದು. ಒಂದು ಸಲ ಗಟ್ಟಿಯಾಗಿ ಕೂಗುವ ಮೊದಲು ಇಷ್ಟು ಬಾಗಿಲುಗಳಲ್ಲಿ ಮೆಲ್ಲಗೆ ಮಾತನಾಡಬೇಕು.

ಸಾಹೇಬರ ಹೆಂಡತಿ ಸಾಲೇಹಾ ಯಲ್ಲಾಪುರದವರು. ಅವರು ಗಂಡನ ಮುಖಕ್ಕಿಂತ ಮೊದಲು ದನಿ ಕಂಡವರು. ಹುಡುಗಿಯಾಗಿದ್ದಾಗ, ಓಣಿಯಲ್ಲಿ ಸರ್ಕಸ್ಸಿನ ಅನೌನ್ಸ್ ಹಾದುಹೋದದ್ದನ್ನು ಕೇಳಿ, ಎಲ್ಲರನ್ನೂ ಬನ್ನಿ ಬನ್ನಿ ಎನ್ನುವ ಈ ಮನುಷ್ಯ ತಾನು ಯಾರ ಮನೆಗಾದರೂ ಬರುತ್ತಾನೋ ಇಲ್ಲವೋ ಎಂದರಂತೆ. ಮಾತು ಹೇಗೋ ಸಾಹೇಬರ ಕಿವಿಗೆ ಬಿತ್ತು. ಸರ್ಕಸ್ ಹೋದ ಮೇಲೂ ಅವರು ಯಲ್ಲಾಪುರಕ್ಕೆ ಹೋಗುತ್ತಲೇ ಇದ್ದರು. ಕೊನೆಯ ಸಲ ಮೈಕ್ ಇಲ್ಲದೆ, ತಮ್ಮ ದೊಡ್ಡಪ್ಪನನ್ನು ಕರೆದುಕೊಂಡು.

ಮದುವೆಯಾದ ಮೇಲೆ ಸಾಲೇಹಾ ಗಡಿಯಾರ ನೋಡುವುದು ಬಿಟ್ಟರು. ಸಾಹೇಬರ ದನಿ ಐದು ರಸ್ತೆಯ ಸರ್ಕಲ್ಲಿನಿಂದ ಈಚೆ ತಿರುಗಿದ್ದು ಕೇಳಿದರೆ ಒಲೆಯ ಮೇಲೆ ಪಾತ್ರೆ ಇಡುವುದು. ದನಿ ಓಣಿಯ ಬಾಯಿಗೆ ಬಂದಾಗ ಶುಂಠಿ, ಕಾಳುಮೆಣಸು ಜಜ್ಜಿ ಹಾಕುವುದು. ಆಟೋ ನಿಂತಾಗ ಚಹಾ ಲೋಟದಲ್ಲಿರುತ್ತಿತ್ತು. ಮೂರು ತಾಲ್ಲೂಕನ್ನು ಕರೆದು ಬಂದ ಗಂಟಲಿಗೆ ಆ ಚಹಾ ಬೇಕಿತ್ತು. ಬಿಸಿ ಇರುವಾಗಲೇ ಕುಡಿಯಬೇಕು ಎಂಬುದು ಅವರ ಕಾನೂನು. ಆ ಮನೆಯಲ್ಲಿ ಇದ್ದ ಕಾನೂನು ಅದೊಂದೇ.

ಹಾಗಿರುವಾಗ ಒಂದು ವರ್ಷ ಪೇಟೆಯಲ್ಲಿ ಏನೋ ಗಲಾಟೆಯಾಯಿತು. ನೂರಾ ನಲವತ್ನಾಲ್ಕನೇ ಸೆಕ್ಷನ್ ಹಾಕಿದರು. ಈಗ ಹೊಸ ಕಾನೂನು ಬಂದು ಅದಕ್ಕೆ ಬೇರೆ ನಂಬರು ಕೊಟ್ಟಿದ್ದಾರೆ, ಆದರೆ ಊರ ಬಾಯಲ್ಲಿ ಹಳೆಯ ನಂಬರೇ. ಮೂರೂ ತಾಲ್ಲೂಕಿನಲ್ಲಿ ಒಂದೇ ಹೊತ್ತಿಗೆ ಸಾರಬೇಕು, ಇರುವವರು ಒಬ್ಬರೇ ಹಯಾತ್. ಅದಕ್ಕೆ ಠಾಣೆಯ ಮಡಿವಾಳಪ್ಪ ಎಂಬ ಪೇದೆ ಅವರ ಮನೆಗೇ ಬಂದ. ಹಾವೇರಿ ಕಡೆಯ ಸಾಧು ಮನುಷ್ಯ. ಸಾಹೇಬರ ಬಾಯಿಯ ಎದುರು ಮೊಬೈಲ್ ಹಿಡಿದು ರೆಕಾರ್ಡ್ ಮಾಡಿಕೊಂಡ. ‘ಸಾರ್ವಜನಿಕರ ಗಮನಕ್ಕೆ. ಮುಂದಿನ ಆದೇಶದವರೆಗೆ ಐದು ಅಥವಾ ಅದಕ್ಕಿಂತ ಹೆಚ್ಚು ಜನ ಒಂದೆಡೆ ಸೇರುವುದನ್ನು ನಿಷೇಧಿಸಲಾಗಿದೆ. ಅನಗತ್ಯವಾಗಿ ಯಾರೂ ಮನೆಯಿಂದ ಹೊರಗೆ ಬರಬಾರದು.’ ಸಾಹೇಬರು ಇಷ್ಟು ಹೇಳಿ ಉಸಿರು ಬಿಟ್ಟದ್ದೇ, ಒಳಗಿನಿಂದ ಸಾಲೇಹಾ ತಮ್ಮ ಮನೆಮಾತಿನಲ್ಲಿ ಚಹಾ ಆರುತ್ತಿದೆ ಎಂದು ಕರೆದರು:

‘ಅಜೀ, ಚಾ ಥಂಡಾ ಹೋರಾ.’

ಅದೂ ರೆಕಾರ್ಡ್ ಆಯಿತು. ತುಂಡು ಮಾಡುವುದು ಮಡಿವಾಳಪ್ಪನಿಗೆ ಬರುತ್ತಿರಲಿಲ್ಲ, ಮೇಲಾಗಿ ಚಹಾ ಅವನಿಗೂ ಬಂದಿತ್ತು. ಮರುದಿನ ಮೂರೂ ಪೇಟೆಯಲ್ಲಿ ಪೊಲೀಸ್ ಜೀಪು ಊರನ್ನು ಮನೆಯೊಳಗೆ ಕೂರಿಸಿ, ಕೊನೆಗೆ ಚಹಾಕ್ಕೆ ಕರೆಯಿತು. ಅಂಥ ದಿನದಲ್ಲೂ ಜನ ಕಿಟಕಿಯ ಹಿಂದೆ ನಕ್ಕರು. ಸಾಲೇಹಾ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು, ಯಲ್ಲಾಪುರದ ತವರಿಗೂ ಕೇಳಿಸಿತೇ ಎಂದು ವಾರಗಟ್ಟಲೆ ನಾಚಿಕೊಂಡಿದ್ದರಂತೆ.

ಮುಂದಿನ ಮಳೆಗಾಲದಲ್ಲಿ ಸಾಲೇಹಾ ತೀರಿಕೊಂಡರು. ಜ್ವರ ಎಂದು ಮಲಗಿದವರು ಏಳಲಿಲ್ಲ.

ಆ ರೆಕಾರ್ಡು ಮಾತ್ರ ಉಳಿಯಿತು. ಅದರಲ್ಲಿ ತಾರೀಕು ಇರಲಿಲ್ಲ. ತಾರೀಕಿಲ್ಲದ ಹುಕುಮು ಹಳಸುವುದಿಲ್ಲವಲ್ಲ, ಪ್ರತಿ ಸಲ ಅದನ್ನೇ ಹಾಕಿದರು. ಮೊದಮೊದಲು ಗಲಾಟೆಯಾದರೆ ನಿಷೇಧಾಜ್ಞೆ ಬರುತ್ತಿತ್ತು. ಆಮೇಲೆ ಗಲಾಟೆಯಾದೀತು ಎಂದು ಬಂತು. ಆಮೇಲೆ ಪರೀಕ್ಷೆಗೆ, ಚುನಾವಣೆಗೆ, ಮೆರವಣಿಗೆಗೆ, ದೊಡ್ಡವರು ಹೆಲಿಕಾಪ್ಟರಿನಿಂದ ಇಳಿದರೆ ಅದಕ್ಕೆ. ಹುಡುಗರು ಹೊಸ ಬೈಕು ಕೊಂಡರೆ ಕಾರಣವಿಲ್ಲದೆ ಓಡಿಸುವಂತೆ, ಸರ್ಕಾರಕ್ಕೂ ಅದು ಅಭ್ಯಾಸವಾಯಿತು. ನಮಗೂ ಆಯಿತು. ಅಂಗಡಿಕಾರರು ಜೀಪಿನ ಸದ್ದು ಕೇಳಿದರೆ ‘ಚಾದವರೆಗೆ ಟೈಮ್ ಉಂಟು’ ಎಂದು ಗಿರಾಕಿಗೆ ಸಕ್ಕರೆ ಕಟ್ಟಿ, ಚಿಲ್ಲರೆ ಕೊಟ್ಟು, ಸಾಲೇಹಾ ಕರೆದ ಮೇಲೆಯೇ ಶಟರ್ ಎಳೆಯುತ್ತಿದ್ದರು. ಪೊಲೀಸರೂ ಅಷ್ಟು ಹೊತ್ತು ಸುಮ್ಮನಿರುತ್ತಿದ್ದರು. ಯಾವ ಕಾಯ್ದೆಯಲ್ಲೂ ಇಲ್ಲದ ಈ ರಿಯಾಯಿತಿಯನ್ನು ಸತ್ತ ಹೆಂಗಸೊಬ್ಬಳು ಊರಿಗೆ ಕೊಡಿಸಿದ್ದಳು.

ಇದರಲ್ಲಿ ಹೊಟ್ಟೆಯ ಮೇಲೆ ಹೊಡೆತ ಬಿದ್ದದ್ದು ಸಾಹೇಬರಿಗೆ. ಅವರ ದನಿ ಕೇಳಿದರೆ ಬಾಗಿಲು ಹಾಕುವುದು ಜನರಿಗೆ ರೂಢಿಯಾಗಿಬಿಟ್ಟಿತು. ಕಾನಸೂರಿನಲ್ಲಿ ಒಂದು ಮದುವೆಯ ಸೆಟ್ಟಿಗೆ ಹೋಗಿ, ಊಟಕ್ಕೆ ಏಳಬೇಕು ಎಂದು ಮೈಕಿನಲ್ಲಿ ಹೇಳಿದರೆ, ವರನ ಕಡೆಯ ಹಿರಿಯರೊಬ್ಬರು ಎದ್ದು ಚಪ್ಪಲಿ ಹುಡುಕಿದರಂತೆ. ಅನೌನ್ಸಿಗೆ ಕರೆಯುವವರು ಕಡಿಮೆಯಾದರು. ಸಾಹೇಬರು ಅಂಗಡಿಯಲ್ಲಿ ಕೂತು ಸ್ಪೀಕರುಗಳ ಧೂಳು ಒರೆಸುತ್ತ, ಗಿರಾಕಿಗಳ ಜೊತೆ ತೀರ ಸಣ್ಣ ದನಿಯಲ್ಲಿ ಮಾತನಾಡುವುದನ್ನು ಕಲಿತರು.

ನನ್ನೊಡನೆ ಒಮ್ಮೆ ಹೇಳಿದ್ದರು: ಜೀಪು ಓಣಿಗೆ ಬಂದಾಗ ತನ್ನ ದನಿ ಕೇಳಿ ಎದ್ದು ಹೋಗಿಬಿಡಬೇಕು ಅನಿಸುತ್ತದೆ, ಆದರೆ ಕೊನೆಯವರೆಗೆ ಕೂತಿರಬೇಕಾಗುತ್ತದೆ. ‘ಅವ್ಳು ಕರೆದ ಕೂಡ್ಲೆ ಕಾಲು ಅಡುಗೆಮನೆ ಕಡೆ ಹೋಗ್ತದೆ ಭಟ್ರೆ. ಅಲ್ಲಿ ಹೋದ್ರೆ ಸ್ಟೋವ್ ತಣ್ಣಗಿರ್ತದೆ.’

ಒಂದು ಸಲ ಅವರಿಗಾಗಿ ಅದನ್ನು ನನ್ನ ಮೊಬೈಲಿನಲ್ಲಿ ಹಿಡಿಯಲು ಜೀಪಿನ ಹಿಂದೆ ಸ್ಕೂಟರಿನಲ್ಲಿ ಹೋಗಿದ್ದೆ. ಮನೆಗೆ ಬಂದು ಕೇಳಿದರೆ ಸ್ಪಷ್ಟವಾಗಿ ಇದ್ದದ್ದು ನನ್ನ ಕೆಮ್ಮು, ಮತ್ತು ‘ಏ ಸ್ಕೂಟರ್, ಸೈಡಿಗ್ ಹೋಗು’ ಎಂಬ ಪೇದೆಯ ಮಾತು.

ಇನ್ನು, ಊರ ವಿಚಾರ ಮಾತನಾಡಲಿಕ್ಕೆ ನಾವು ನಾಲ್ಕಾರು ಜನ ಕಟ್ಟಿಕೊಂಡ ವೇದಿಕೆಯ ವಿಷಯ. ಅದರ ಹಿರಿಯರಾದ ಮತ್ತಿಘಟ್ಟದ ಸೀತಾರಾಮ ಹೆಗಡೆಯವರು ತುರ್ತುಪರಿಸ್ಥಿತಿಯ ಕಾಲದಲ್ಲಿ ಗೋಡೆಗೆ ಚೀಟಿ ಅಂಟಿಸಲು ಹೋಗಿ, ಕೈಯ ಅಂಟು ಒಣಗುವ ಮೊದಲೇ ಸಿಕ್ಕಿಬಿದ್ದು ಲಾಕಪ್ ಕಂಡವರು. ಅಂದಿನಿಂದ ಅವರು ಪ್ರತಿ ವರ್ಷ, ಅಡಕೆ ಕೊಯ್ಲು ಮುಗಿಯುವುದರೊಳಗೆ ಮಿಲಿಟರಿ ರಾಜ್ಯ ಬರುತ್ತದೆ ಎಂದು ಭವಿಷ್ಯ ಹೇಳುತ್ತಾರೆ. ನಾವೆಲ್ಲ ನಗುತ್ತಿದ್ದೆವು. ಆದರೆ ಕಳೆದ ಎರಡು ವರ್ಷಗಳಲ್ಲಿ ನಗು ಸಣ್ಣದಾಯಿತು. ಟಿವಿಯಲ್ಲಿ ಕೋಟು ಹಾಕಿದವರು ದೇಶವನ್ನು ಸ್ವಲ್ಪ ದಿನ ಸೈನ್ಯಕ್ಕೆ ಕೊಟ್ಟು ನೋಡಬೇಕು ಎಂದು, ಪಕ್ಕದ ಮನೆಗೆ ಏಣಿ ಕೊಟ್ಟಷ್ಟು ಸಲೀಸಾಗಿ ಹೇಳತೊಡಗಿದರು. ನಮ್ಮ ಪೇಟೆಯಲ್ಲೂ ಹೊರಗಿನ ಪಡೆಯವರು ಬಂದೂಕು ಹಿಡಿದು ಪಥಸಂಚಲನ ಮಾಡಿದರು. ಜನ ಅವರಿಗೆ ಹೂ ಎರಚಿ ಫೋಟೋ ತೆಗೆಸಿಕೊಂಡರು. ಹೆಗಡೆಯವರು ನನ್ನ ಪಕ್ಕದಲ್ಲಿ ನಿಂತಿದ್ದರು.

‘ತಮಾ, ಹೆದ್ರಿಕೆ ಬಪ್ಪದು ಬಂದೂಕು ಕಂಡು ಅಲ್ಲ,’ ಎಂದರು. ‘ಹೂಗು ಕಂಡು.’

ಹಾಗಾಗಿ ವೇದಿಕೆಯಿಂದ ಒಂದು ಸಾರ್ವಜನಿಕ ಸಭೆ ಎಂದಾಯಿತು. ಸರ್ಕಾರದ ಅಧಿಕಾರ ಹೀಗೆ ಬೆಳೆಯುತ್ತ ಹೋದರೆ ಎಲ್ಲಿಗೆ ಮುಟ್ಟೀತು ಎಂದು ಊರವರು ಕೂತು ಮಾತನಾಡುವುದು. ನಾನು ಕಾರ್ಯದರ್ಶಿ. ಆಯ್ಕೆಯ ದಿನ ನಾನು ಹೋಗಿರಲಿಲ್ಲ, ಬಾರದವನನ್ನು ಆರಿಸಿದರು. ಎಲ್ಲ ಕಚೇರಿಗಳ ಪರವಾನಗಿ ತಂದು, ಕೊನೆಗೆ ಹಯಾತ್ ಸಾಹೇಬರ ಅಂಗಡಿಗೆ ಹೋದೆ. ರೆಕಾರ್ಡ್ ಬೇಡ, ನೀವೇ ಬಂದು ಹಳೆಯ ಹಾಗೆ ಕರೆಯಬೇಕು ಎಂದೆ.

ಸಾಹೇಬರು ಕೈಯಲ್ಲಿದ್ದ ವೈರನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು. ‘ಬನ್ನಿ ಅಂತ ಕರೀಬೇಕಾ?’ ಎಂದು ಕೇಳಿದರು. ಹೌದು ಎಂದೆ. ‘ಬರಬೇಡಿ ಅಂತ ಅಲ್ಲಲ್ಲ?’ ಎಂದು ಇನ್ನೊಮ್ಮೆ ಖಾತ್ರಿ ಮಾಡಿಕೊಂಡರು.

ಮರುದಿನ ಅವರು ಕೋಟು ಹಾಕಿಕೊಂಡು, ಗಡ್ಡ ಟ್ರಿಮ್ ಮಾಡಿಸಿ ಬಂದರು. ಆಟೋದಲ್ಲಿ ನಾನು ಕರಪತ್ರ ಹಿಡಿದು ಪಕ್ಕಕ್ಕೆ ಕೂತೆ. ಐದು ರಸ್ತೆಯ ಸರ್ಕಲ್ಲಿನಲ್ಲಿ ಸಾಹೇಬರು ಕಣ್ಣು ಮುಚ್ಚಿ, ಮೈಕಿಗೆ ಉಸಿರೂದಿ, ತಮ್ಮ ಪೂರ್ತಿ ದನಿಯಲ್ಲಿ ಶುರು ಮಾಡಿದರು:

‘ಸಾರ್ವಜನಿಕರ ಗಮನಕ್ಕೆ.’

ಜಗತ್ತಿನ ಎಲ್ಲ ಅನೌನ್ಸೂ ಹಾಗೆಯೇ ಶುರುವಾಗುವುದು. ನಿಷೇಧಾಜ್ಞೆಯೂ ಹಾಗೆಯೇ ಶುರುವಾಗುತ್ತದೆ ಎಂಬುದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಎಡಗಡೆಯ ಅಂಗಡಿಗಳ ಶಟರುಗಳು ದಡದಡ ಎಂದವು. ಈ ಸಲ ಯಾರೂ ಚಹಾದವರೆಗೆ ಕಾಯಲಿಲ್ಲ, ಏಕೆಂದರೆ ಎರಡನೆಯ ವಾಕ್ಯದಲ್ಲಿ ‘ಮಿಲಿಟರಿ ಆಡಳಿತದ ಭೀತಿ’ ಎಂದು ಇತ್ತು. ಅದನ್ನು ಬರೆದುಕೊಟ್ಟವನು ನಾನು. ಎಂದೂ ಬರೆದದ್ದನ್ನು ಹೇಳದ ಸಾಹೇಬರು ಆ ದಿನ ನನ್ನ ಎರಡು ಸಾಲನ್ನು ಬಾಯಿಪಾಠ ಮಾಡಿ ಬಂದಿದ್ದರು. ಹೂವಿನವಳು ಬುಟ್ಟಿ ಬಿಟ್ಟು ಓಡಿದಳು. ಬಸ್ಸು ನಿಲ್ದಾಣಕ್ಕೆ ಬರದೆ ತಿರುಗಿತು. ಸಾಹೇಬರು ಕಣ್ಣು ಬಿಡದೆ, ಖುಷಿಯಲ್ಲಿ ಕರೆಯುತ್ತಲೇ ಇದ್ದರು. ‘ಬನ್ನಿ, ತಾಯಂದಿರೇ ಬನ್ನಿ, ಅಜ್ಜಿಯನ್ನೂ ಕರೆದುಕೊಂಡು ಬನ್ನಿ, ಅಜ್ಜಿಗೆ ಕುರ್ಚಿ ಇದೆ.’ ಕಣ್ಣು ಬಿಟ್ಟಾಗ ರಸ್ತೆಯಲ್ಲಿ ಇದ್ದದ್ದು ಒಂದು ದನ ಮತ್ತು ನಾವು. ಇನ್ನೊಮ್ಮೆ ‘ಕುರ್ಚಿ’ ಎನ್ನುವಲ್ಲಿ ಮೈಕ್ ಆಫ್ ಮಾಡಿದರು.

ಅಷ್ಟರಲ್ಲಿ ಇಡಗುಂದಿಯಿಂದ ನನ್ನ ತಂಗಿಯ ಫೋನು ಬಂತು. ‘ಅಣ್ಣಾ, ಶಿರಸಿಗೆ ಮಿಲಿಟ್ರಿ ಬಂತಡ, ಹೌದಾ? ಹಯಾತ್ ಸಾಹೇಬ್ರೇ ಹೇಳಿದ್ವಡ. ಆನು ಅಕ್ಕಿ ತರ್ಸಿಟ್ಟಿದ್ದೆ. ಯಾರು ಕರ್ಕಂಡು ಬಂದದ್ದಡ ಅವ್ರನ್ನ?’

ನಾನೇ ಎಂದು ಹೇಳುವ ಧೈರ್ಯವಾಗಲಿಲ್ಲ.

ಸಂಜೆಯೊಳಗೆ ಊರಿನಲ್ಲಿ ಉದ್ವಿಗ್ನತೆ ಇದೆ ಎಂದು ಸಭೆಯ ಪರವಾನಗಿ ರದ್ದಾಯಿತು. ಗಾಳಿಸುದ್ದಿ ತಡೆಯಲು ನಿಷೇಧಾಜ್ಞೆ ಬಂತು. ಸಾಹೇಬರ ದನಿಯಿಂದ ಎದ್ದ ಭಯವನ್ನು ತಣಿಸಲು ಜೀಪು ಸಾಹೇಬರ ದನಿಯನ್ನೇ ಹಾಕಿಕೊಂಡು ಸುತ್ತಿತು. ಕೊನೆಯಲ್ಲಿ ಚಹಾಕ್ಕೆ ಕರೆ ಕೇಳಿದ ಮೇಲೆ, ಇದು ಮಾಮೂಲಿಯದೇ ಎಂದು ಜನ ನಿಟ್ಟುಸಿರು ಬಿಟ್ಟರು.

ಮರುದಿನ ಸಾಹೇಬರು ಠಾಣೆಗೆ ಹೋಗಬೇಕು ಎಂದರು. ಹೆಗಡೆಯವರು ಅಂಟಿನ ದಿನಗಳಿಂದ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ನಾನು ಹೋದೆ. ಬಾಗಿಲಲ್ಲೇ ಮಡಿವಾಳಪ್ಪ, ಕೂದಲು ಬೆಳ್ಳಗಾದವನು, ‘ಬರ್ರಿ ಸಾಹೇಬ್ರ, ಕುಂದರ್ರಿ’ ಎಂದು ಬೆಂಚು ಒರೆಸಿದ. ಪಿಎಸ್‌ಐ ಸಂದೇಶ್ ಹೊಸಬರು, ಸಣ್ಣ ವಯಸ್ಸು, ಒಳ್ಳೆಯ ಮಾತು. ನಿನ್ನೆಯ ಗೊಂದಲಕ್ಕೆ ಕೇಸು ಹಾಕುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟರು. ಸಾಹೇಬರು ಬಂದದ್ದು ಅದಕ್ಕಲ್ಲ.

‘ನನ್ನ ದನಿ ನನಗೆ ವಾಪಸ್ ಕೊಡಿ ಸರ್,’ ಎಂದರು.

ಪಿಎಸ್‌ಐ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ನಕ್ಷೆ ನೋಡಿದೆ.

‘ಮೂವತ್ತು ವರ್ಷ ಜನರನ್ನು ಕರೆದದ್ದು ನಾನು. ಈಗ ನನ್ನ ದನಿ ಕೇಳಿದ್ರೆ ಓಡ್ತಾರೆ. ನಾಳೆ ನಿಜವಾಗಿ ಮಿಲಿಟರಿ ರಾಜ್ಯ ಬಂತು ಅಂತ ಇಟ್ಕೊಳ್ಳಿ. ಅದೂ ನನ್ನ ಬಾಯಲ್ಲೇ ಬರ್ತದೆ. ಅದರ ಕೊನೆಗೆ ನನ್ನ ಹೆಂಡತಿ ಎಲ್ಲರಿಗೂ ಚಾ ಕೊಡ್ತಾಳೆ. ಅವ್ಳು ಮಾಡಿದ ತಪ್ಪೇನು ಸರ್?’

ಪಿಎಸ್‌ಐ ಪೆನ್ನು ಕೆಳಗಿಟ್ಟರು. ಕಂಪ್ಯೂಟರಿನಲ್ಲಿ ಏನೋ ಒತ್ತಿ ರೆಕಾರ್ಡು ಹಾಕಿದರು. ಸಣ್ಣ ಕೋಣೆಯಲ್ಲಿ, ಜೀಪಿನ ಗದ್ದಲವಿಲ್ಲದೆ, ಅದನ್ನು ನಾನು ಮೊದಲ ಸಲ ಕೇಳಿದ್ದು. ಸಾಹೇಬರ ಆಜ್ಞೆಯ ಹಿಂದೆ, ಯಾರಿಗೂ ಈವರೆಗೆ ಕೇಳದ ಸಣ್ಣ ಸದ್ದು: ಚಹಾ ಸೋಸುವ ಜರಡಿಯನ್ನು ಲೋಟದ ಅಂಚಿಗೆ ತಟ್ಟುವುದು. ಆಜ್ಞೆ ಮುಗಿಯಿತು. ‘ಅಜೀ, ಚಾ ಥಂಡಾ ಹೋರಾ.’ ಬಾಗಿಲಲ್ಲಿದ್ದ ಮಡಿವಾಳಪ್ಪ ಯಾರೂ ಹೇಳದೆಯೇ ಎದುರಿನ ಹೋಟೆಲ್ಲಿಗೆ ಚಹಾ ತರಲು ಹೋದ.

‘ಇದನ್ನು ಹಾಕೋದು ನಿಲ್ಲಿಸ್ತೇವೆ,’ ಎಂದರು ಪಿಎಸ್‌ಐ. ‘ಹೇಗೂ ಕಂಬದ ಮೇಲೆ ಹೊಸ ಸ್ಪೀಕರ್ ಬರ್ತಾ ಇದೆ. ಕ್ಯಾಮೆರಾ, ಸ್ಪೀಕರ್ ಎರಡೂ. ಅದರ ದನಿ ಮೇಲಿನಿಂದಲೇ ಬರ್ತದೆ.’

‘ಹಾಗಾದ್ರೆ ಇದನ್ನು ನನಗೆ ಕೊಡಿ.’

ಅದು ಆಗುವುದಿಲ್ಲ ಎಂದರು. ಅದು ಇಲಾಖೆಯ ದಾಖಲೆ, ಕಾನೂನು ಸುವ್ಯವಸ್ಥೆಗೆ ಸೇರಿದ್ದು, ಹೊರಗೆ ಕೊಡುವ ಅಧಿಕಾರ ತನಗಿಲ್ಲ, ಮೇಲೆ ಬರೆಯಬೇಕು. ಮೂರು ತಾಲ್ಲೂಕಿನ ಬೀದಿ ಬೀದಿಯಲ್ಲಿ ಕೂಗಿದ್ದು ಗುಟ್ಟು ಹೇಗಾಗುತ್ತದೆ ಎಂದು ನಾನು ಕೇಳಿದೆ. ನನ್ನ ದನಿ ಎಂದಿನಂತೆ ಮೇಜಿನ ಆ ಕಡೆ ತಲುಪಲಿಲ್ಲ.

ಸಾಹೇಬರು ಎದ್ದರು. ಸಿಟ್ಟಿರಲಿಲ್ಲ. ‘ಇಡೀ ಊರು ಮುಚ್ಚಿಸಲಿಕ್ಕೆ ನಿಮಗೆ ಅಧಿಕಾರ ಉಂಟು,’ ಎಂದರು. ‘ಒಂದು ಚಾದ ಮಾತು ಕೊಡಲಿಕ್ಕೆ ಇಲ್ಲ.’

ಪಿಎಸ್‌ಐ ತಲೆ ತಗ್ಗಿಸಿದರು. ನಾಚಿಕೆಪಟ್ಟರು ಎಂದೇ ನನಗೆ ಕಂಡಿತು. ಮೇಲೆ ಬರೆದರು ಕೂಡ. ಉತ್ತರ ಬರುವ ಮೊದಲು ಅವರಿಗೇ ವರ್ಗವಾಯಿತು, ಠಾಣೆಯ ಕಂಪ್ಯೂಟರುಗಳೂ ಬದಲಾದವು. ಹಳೆಯವು ಎಲ್ಲಿಗೆ ಹೋದವೋ. ಮಡಿವಾಳಪ್ಪ ತನ್ನ ಹಳೆಯ ಮೊಬೈಲಿಗಾಗಿ ಊರಿಗೆ ಹೋಗಿ ಹುಡುಕಿದ. ಅದನ್ನು ಎಂದೋ ಕೊಟ್ಟು ಮಗಳು ಪ್ಲಾಸ್ಟಿಕ್ ಬಕೆಟ್ ತೆಗೆದುಕೊಂಡಿದ್ದಳಂತೆ.

ನಮ್ಮ ಸಭೆ ಇನ್ನೂ ಆಗಿಲ್ಲ. ಈ ವರ್ಷದ ಭವಿಷ್ಯವನ್ನೂ ಹೆಗಡೆಯವರು ಹೇಳಿ ಆಗಿದೆ. ಯಾರೂ ನಕ್ಕಿಲ್ಲ.

ಕಂಬಗಳು ಬಂದವು. ತಿಂಗಳ ಹಿಂದೆ, ದೊಡ್ಡವರು ಯಾರೋ ಬರುತ್ತಾರೆ ಎಂದು ನಿಷೇಧಾಜ್ಞೆಯಾಯಿತು. ನಾನು ಹಯಾತ್ ಸಾಹೇಬರ ಅಂಗಡಿಯ ಎದುರು ಬಾಳೆಹಣ್ಣು ಕೊಳ್ಳುತ್ತಿದ್ದೆ. ಇದ್ದಕ್ಕಿದ್ದಂತೆ ತಲೆಯ ಮೇಲಿನ ಕಂಬ ಮಾತನಾಡಿತು. ಹೆಂಗಸಿನ ದನಿ, ಶುದ್ಧ ಕನ್ನಡ, ಒಂದು ಕಡೆಯೂ ಉಸಿರು ತೆಗೆದುಕೊಳ್ಳದ್ದು. ಯಾವ ಊರಿನವಳೋ, ಊರೇ ಇದೆಯೋ ಇಲ್ಲವೋ. ಐದು ಅಥವಾ ಅದಕ್ಕಿಂತ ಹೆಚ್ಚು ಎಂದಿತು, ಹೊರಗೆ ಬರಬಾರದು ಎಂದಿತು, ನಿಂತಿತು.

ಓಣಿಯವರೆಲ್ಲ ಶಟರನ್ನು ಅರ್ಧಕ್ಕೆ ಎಳೆದು, ಕೈ ಹಾಗೆಯೇ ಮೇಲಿಟ್ಟುಕೊಂಡು ನಿಂತಿದ್ದರು. ಕಿರಾಣಿಯವನ ತಕ್ಕಡಿಯಲ್ಲಿ ಸಕ್ಕರೆ ಇತ್ತು. ಬಾಳೆಹಣ್ಣಿನವನು ನನ್ನ ಚಿಲ್ಲರೆಯನ್ನು ಕೈಯಲ್ಲಿ ಹಿಡಿದು, ಕೊಡದೆ, ಮೇಲೆ ನೋಡುತ್ತಿದ್ದ. ನಾನೂ ನೋಡುತ್ತಿದ್ದೆ. ಏನನ್ನು ಕಾಯುತ್ತಿದ್ದೇವೆ ಎಂದು ಯಾರೂ ಯಾರಿಗೂ ಹೇಳಲಿಲ್ಲ. ಮೂಲೆಯಲ್ಲಿ ನಿಂತ ಪೇದೆ ಕೂಡ ಲಾಠಿ ಕಂಕುಳಿಗೆ ಸಿಕ್ಕಿಸಿಕೊಂಡು ಸುಮ್ಮನಿದ್ದ.

ಹಯಾತ್ ಸಾಹೇಬರು ಅಂಗಡಿಯಿಂದ ಹೊರಗೆ ಬಂದರು. ಕಂಬವನ್ನು ನೋಡಿದರು, ಆಮೇಲೆ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಇಷ್ಟು ವರ್ಷ ಓಣಿ ಕಾಯುತ್ತಿದ್ದುದು ಯಾರನ್ನು ಎಂದು ಅವರಿಗೆ ಅಂದೇ ತಿಳಿದದ್ದಿರಬೇಕು. ಮೈಕ್ ಇರಲಿಲ್ಲ. ಓಣಿಯ ಆ ತುದಿಗೂ ಕೇಳುವ ಹಾಗೆ, ಆದರೆ ಗಟ್ಟಿಯಾಗಿ ಅಲ್ಲದೆ, ಹೇಳಿದರು:

‘ಅವ್ಳು ಇಲ್ಲ ಇದ್ರಲ್ಲಿ. ಬಾಗ್ಲು ಹಾಕ್ಕಳಿ.’

ಒಂದೊಂದಾಗಿ ಶಟರುಗಳು ಇಳಿದವು. ಎಂದಿನಂತೆ ದಡದಡ ಎನ್ನಲಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ, ಮೆಲ್ಲಗೆ ಇಳಿಸಿದರು.